ಬಿಸಿ ಬದಲಿ

ಬಬಲೇಶ್ವರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಹಿಗ್ಗಿದ ಬಸಗೊಂಡಪ್ಪನಿಗೆ, ಆ ಸೀಟು ಯಾಕೆ ಖಾಲಿ ಉಳಿದಿತ್ತು ಎಂಬುದು ಬಸ್ಸು ವಿಜಾಪುರ ದಾಟಿದ ಮೇಲೆ ತಿಳಿಯಿತು. ಬಿಸಿಲೆಲ್ಲ ಆ ಮಗ್ಗುಲಿಗೇ ಬೀಳುತ್ತಿತ್ತು, ಕಿಟಕಿಯ ಗಾಜು ಮೇಲೇಳುತ್ತಿರಲಿಲ್ಲ, ಧೂಳು ಮಾತ್ರ ಬೀಗರ ಮನೆಗೆ ಬಂದಂತೆ ಬಂದು ಕೂರುತ್ತಿತ್ತು. ಇನ್ನೊಬ್ಬರು ಬೇಡವೆಂದು ಬಿಟ್ಟದ್ದೇ ತನ್ನ ಪಾಲಿಗೆ ಬರುತ್ತದೆ ಎಂಬುದು ಅವನಿಗೇನೂ ಹೊಸ ಸುದ್ದಿಯಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿದ್ದು ಮೊದಲು ಆಯ್ಕೆಯಾದವನು ಪುಣೆಗೆ ಹೋದದ್ದರಿಂದ. ಈಗ ಅಂಗಿಯ ಜೇಬಿನಲ್ಲಿ ಮಡಚಿಕೊಂಡು ಬೆವರು ಕುಡಿಯುತ್ತಿರುವ ಈ ಪದಗಳ ಪಟ್ಟಿ ಅವನ ಕೈಗೆ ಬಂದದ್ದು ಧಾರವಾಡದ ಪರಿಭಾಷಾ ಸಮಿತಿಯ ಮೊದಲಿನ ಸದಸ್ಯರಿಗೆ ಮಂಡಿನೋವು ಬಂದದ್ದರಿಂದ. ಕನ್ನಡ ಪದ ಮಾಡುವುದಕ್ಕೂ ಮಂಡಿಗೂ ಏನು ಸಂಬಂಧ ಎಂದು ಅವನು ಕೇಳಲಿಲ್ಲ. ಕೇಳುವಷ್ಟರಲ್ಲಿ ಅವರ ಮಂಡಿ ವಾಸಿಯಾಗಿಬಿಟ್ಟರೆ ಏನು ಗತಿ ಎಂದು ಹೆದರಿ ಸುಮ್ಮನಿದ್ದ.

ಪಟ್ಟಿಯಲ್ಲಿದ್ದವು ಕಂಪ್ಯೂಟರಿನ ಪದಗಳು. ಎಪ್ಪತ್ತೆಂಟನೆಯ ಇಸವಿಯ ಆ ಬೇಸಿಗೆಯಲ್ಲಿ ವಿಜಾಪುರದಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಎಷ್ಟು ಜನರಿದ್ದರೋ, ಬಸಗೊಂಡಪ್ಪನಂತೂ ಅವರಲ್ಲಿ ಒಬ್ಬನಾಗಿರಲಿಲ್ಲ. ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ್ದ. ಅದರಲ್ಲೂ ಕಪಾಟುಗಳ ಸಾಲಿನ ಮುಂದೆ ನಿಂತಿದ್ದ ಹೆಂಗಸಿನ ಮೇಲೆ ಕಣ್ಣು ಹೆಚ್ಚು ಹೊತ್ತು ನಿಂತದ್ದರಿಂದ ಯಂತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿರಲಿಲ್ಲ. ಅವನ ಪಾಲಿಗೆ ಬಂದದ್ದು ಎಂದೂ ನಿಲ್ಲಬಾರದ ಯಂತ್ರಗಳ ಭಾಗ: ಒಂದು ಕೆಟ್ಟರೆ ಇನ್ನೊಂದು ಎದ್ದು ನಿಂತು, ಕೆಲಸ ಮಾತ್ರ ಬಿಡದೆ ನಡೆಸುವ ಯಂತ್ರಗಳು. ಎಡಗಡೆ ಇಂಗ್ಲಿಷ್ ಪದ, ನಡುವೆ ಅದರ ವಿವರಣೆ, ಬಲಗಡೆ ಕನ್ನಡಕ್ಕೆಂದು ಬಿಟ್ಟ ಖಾಲಿ ಜಾಗ. ಸರ್ವರ್ ಎಂಬುದಕ್ಕೆ ಮೊದಲ ದಿನದ ಉತ್ಸಾಹದಲ್ಲಿ 'ಬಡಿಸುವವ' ಎಂದು ಬರೆದು, ಸಮಿತಿಯವರು ಊಟದ ಪಂಕ್ತಿ ನೆನೆಸಿಕೊಂಡು ನಗುತ್ತಾರೆಂದು ಹೊಡೆದುಹಾಕಿ 'ಸೇವಾಯಂತ್ರ' ಎಂದು ತಿದ್ದಿದ್ದ. ಫಾಲ್ಟ್ ಟಾಲರಂಟ್‌ಗೆ 'ದೋಷಸಹಿಷ್ಣು'. ಆ ಪದ ಬರೆದು ಮುಗಿಸುವ ಹೊತ್ತಿಗೆ ಹೆಂಡತಿ ಗುರುಬಸವ್ವ ಬಾಗಿಲಲ್ಲಿ ನಿಂತು, ಅವನು ನಳ ತೆರೆದಿಟ್ಟು ಬಂದದ್ದರಿಂದ ಅಡುಗೆಮನೆಯವರೆಗೂ ನೀರು ಬಂದಿದೆ ಎಂದು ಹೇಳಿ, ಹೇಳಿದವಳೇ ಹೋಗಿ ಒರೆಸಿದ್ದಳು. ಪದಕ್ಕೆ ಬೇರೆ ಉದಾಹರಣೆ ಹುಡುಕುವ ಕಷ್ಟ ತಪ್ಪಿತು. ಒಮ್ಮೆಲೇ ಕುಸಿಯದೆ, ಒಂದೊಂದೇ ಕೆಲಸ ಬಿಡುತ್ತ ಮರ್ಯಾದೆಯಿಂದ ಇಳಿಯುವುದಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು. ಕನ್ನಡಿಯಲ್ಲಿ ತನ್ನ ನೆತ್ತಿಯನ್ನು ನೋಡಿಕೊಂಡು ಬಂದು ಅದಕ್ಕೆ 'ಸಗೌರವ ಅವನತಿ' ಎಂದು ಬರೆದ. ಸಮಿತಿಯಲ್ಲಿ ತನ್ನ ಹೆಸರು ಉಳಿಯುವುದಾದರೆ ಈ ಒಂದು ಪದದಿಂದಲೇ ಎಂದು ಅವನಿಗೆ ಅನ್ನಿಸಿತ್ತು.

ಆದರೆ ಸ್ಟ್ಯಾಂಡ್‌ಬೈ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮುಖ್ಯಯಂತ್ರ ಕೈಕೊಟ್ಟಾಗ ಅದರ ಜಾಗಕ್ಕೆ ಬರಲೆಂದು ಕಾದಿರುವ ಇನ್ನೊಂದು ಯಂತ್ರ. ಸೇವೆ ಪಡೆಯುವವರಿಗೆ ಬದಲಾದದ್ದು ತಿಳಿಯಬಾರದು, ಎಂದಿತ್ತು ವಿವರಣೆ. ಅದರಲ್ಲಿ ಎರಡು ಜಾತಿ. ನಿದ್ದೆಯಲ್ಲಿದ್ದು ಎಬ್ಬಿಸಿದ ಮೇಲೆ ಬರುವುದು ತಣ್ಣನೆಯ ಬದಲಿ. ಆಗಲೇ ಕೆಲಸದಲ್ಲಿದ್ದು ನಿಂತ ಕಾಲಮೇಲೆ ಜಾಗ ಹಿಡಿಯುವುದು ಬಿಸಿ ಬದಲಿ. ಬಿಸಿ ಎನ್ನುವುದಕ್ಕೆ ಯಾವ ಸಂಶಯವೂ ಇರಲಿಲ್ಲ, ಯಾಕೆಂದರೆ ಹನ್ನೆರಡು ವರ್ಷದ ಹಿಂದೆ ಅವನೇ ಬದಲಿಯಾದ ದಿನ ಕೈಯಲ್ಲಿ ಸಾರಿನ ಬಕೀಟಿತ್ತು. ಇವತ್ತು ಹೊರಟಿದ್ದ ಬಬಲೇಶ್ವರದ ಅದೇ ಅಂಗಳ, ದೂರದ ಊರಿನಿಂದ ಬಂದವರ ಮೊದಲ ಪಂಕ್ತಿ. ದೊಡ್ಡಪ್ಪನ ಮಗ ಸಂಗಣ್ಣನ ಮದುವೆಗೆ ಬಂದಿದ್ದ ಬಸಗೊಂಡಪ್ಪ ಟವೆಲ್ಲನ್ನು ಸೊಂಟಕ್ಕೆ ಕಟ್ಟಿ, ಸಾರು ಸಾರು ಎಂದು ಕೂಗುತ್ತ ಬಡಿಸುತ್ತಿದ್ದ. ಬಡಿಸುವುದರಲ್ಲಿ ಅವನು ಚುರುಕು, ಅದನ್ನು ನಾಲ್ಕು ಮಂದಿ ಹೇಳಿದ್ದರಿಂದ ಇನ್ನೂ ಚುರುಕಾಗಿದ್ದ. ದೊಡ್ಡಪ್ಪ ಬಂದು ರಟ್ಟೆ ಹಿಡಿದು ಕತ್ತಲಕೋಣೆಗೆ ಎಳೆದುಕೊಂಡು ಹೋದಾಗ, ಯಾರ ಎಲೆಗೋ ಸಾರು ಕಡಿಮೆ ಬಿದ್ದು ತಕರಾರು ಬಂದಿರಬೇಕು ಎಂದುಕೊಂಡ. ಸಂಗಣ್ಣ ಬೆಳಿಗ್ಗೆಯೇ ಸೊಲ್ಲಾಪುರದ ರೈಲು ಹತ್ತಿದ್ದನ್ನು ಕಂಡವರಿದ್ದರು. ಒಳಗೆ ಮೂಲೆಯಲ್ಲಿ ಹಿರಿಯರು ಗುಸುಗುಸು ಮಾತಾಡಿ ಮುಗಿಸಿದ್ದರು. ಏನಂತಿ ಎಂದು ಅವನನ್ನು ಕೇಳಿದರು, ಉತ್ತರ ಬರುವ ಮೊದಲೇ ಬಕೀಟನ್ನು ಕೈಯಿಂದ ಇಳಿಸಿಕೊಂಡರು, ಬಾಸಿಂಗ ಕಟ್ಟಿದರು. ಸಂಗಣ್ಣನ ತಲೆಯ ಅಳತೆಗೆ ಮಾಡಿಸಿದ ಬಾಸಿಂಗ, ಕಣ್ಣಿನ ಮೇಲೆ ಜಾರಿ ಜಾರಿ ಬೀಳುತ್ತಿತ್ತು. ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದುಕೊಂಡು ಅವನು ತನ್ನ ಮದುವೆಯನ್ನು ಅಷ್ಟಿಷ್ಟು ನೋಡಿದ.

ಅದೂ ಹೋಗಲಿ. ಮರೆಯಬಹುದಿತ್ತು, ಮರೆಯಲು ಬಿಡದೆ ಕೂತದ್ದು ಒಡಪು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ಹೆಣ್ಣುಮಕ್ಕಳು, ಮದುವೆಯಲ್ಲಿ, ಬಸುರಿಯರ ಕುಬಸದ ಕಾರ್ಯದಲ್ಲಿ ಎಲ್ಲರೂ ಕಾಡಿದಾಗ ಎರಡು ಸಾಲಿನ ಪ್ರಾಸ ಕಟ್ಟಿ, ಕೊನೆಯಲ್ಲಿ ಆ ಹೆಸರನ್ನು ಕೂಡಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾರೆ. ಹೊಸ ಮದುಮಗಳು ಗುರುಬಸವ್ವನನ್ನೂ ಕಾಡಿದರು. ಅವಳು ತಲೆ ಬಗ್ಗಿಸಿ, 'ನಿಂಬಿ ಗಿಡದಾಗ ನಿಂಬಿ ಹಣ್ಣ, ಇಳಕಲ್ಲ ಸೀರಿಗಿ ಗಿಳಿಯ ಬಣ್ಣ, ಹಿರ್ಯಾರ ಮುಂದ ಹೆಸರ ಹೇಳತೇನಿ, ನಮ್ಮವರು' ಎಂದು ಅಲ್ಲಿ ಉಸಿರು ಎಳೆದುಕೊಂಡು, 'ಬಸಗೊಂಡಪ್ಪ' ಎಂದಳು. ಹಣ್ಣ, ಬಣ್ಣ, ಆಮೇಲೆ ಬಸಗೊಂಡಪ್ಪ. ಒಬ್ಬ ಮುದುಕಿ, ಅಣ್ಣ ಬರೂ ಜಾಗಾದಾಗ ಅಪ್ಪ ಬಂದಾನಲ್ಲವಾ ಎಂದಳು, ಚಪ್ಪರವೆಲ್ಲ ನಕ್ಕಿತು. ಬಾಸಿಂಗದ ಕೆಳಗೆ ಬಸಗೊಂಡಪ್ಪನೂ ನಕ್ಕ, ನಗದೆ ಇನ್ನೇನು ಮಾಡಲು ಬರುತ್ತಿತ್ತು? ಆದರೆ ಆ ಪ್ರಾಸ ಯಾರ ಹೆಸರಿಗೆ ಬಾಯಿ ತೆರೆದು ಕಾದಿತ್ತೆಂದು ಭೌತಶಾಸ್ತ್ರ ಓದಿದವನಿಗೆ ಬೇರೆ ಹೇಳಬೇಕೇ? ಹಣ್ಣ, ಬಣ್ಣ, ಸಂಗಣ್ಣ. ಅವಳು ಬಾಯಿಪಾಠ ಮಾಡಿಕೊಂಡು ಬಂದ ಹೆಸರು ಅದು. ಅಂದಿನಿಂದ ಇಂದಿನವರೆಗೆ ಹನ್ನೆರಡು ವರ್ಷ, ಎರಡು ಮಕ್ಕಳಾದರೂ, ಯಾರ ಮನೆಯ ಕಾರ್ಯವಾದರೂ ಅವಳು ಹೇಳುವುದು ಅದೊಂದೇ ಒಡಪು. ಹೊಸದು ಕಟ್ಟಲಿಲ್ಲ. ಅಪ್ಪ ಎಂಬುದಕ್ಕೆ ಪ್ರಾಸ ಸಿಗದಷ್ಟು ಕನ್ನಡ ಬಡವಾಗಿದೆಯೇ? ತುಪ್ಪ ಇದೆ, ಉಪ್ಪ ಇದೆ, ಬೇಕಾದರೆ ಬೆಪ್ಪ ಕೂಡ ಇದೆ. ಅದನ್ನು ಅವಳ ಹತ್ತಿರ ಕೇಳಲು ಅವನಿಗೆ ಎಂದೂ ನಾಲಿಗೆ ಹೊರಳಲಿಲ್ಲ.

ಬಸ್ಸು ದಾರಿಯಲ್ಲಿ ನಿಂತು ಎರಡು ಆಡುಗಳನ್ನೂ ಅವುಗಳ ಯಜಮಾನನನ್ನೂ ಹತ್ತಿಸಿಕೊಂಡಿತು. ಒಂದು ಆಡು ಅವನ ಜೇಬಿನ ಕಾಗದದ ವಾಸನೆ ಹಿಡಿದು ಕತ್ತು ಚಾಚಿತು. ಬಸಗೊಂಡಪ್ಪ ಪಟ್ಟಿಯನ್ನು ಇನ್ನಷ್ಟು ಒಳಗೆ ತುರುಕಿದ, ಆದರೆ ಅದರಲ್ಲಿ ಕೆಂಪು ಗೆರೆ ಎಳೆದಿಟ್ಟ ಪದ ತಲೆಯೊಳಗಿಂದ ಹೋಗಲಿಲ್ಲ. ಫೇಲ್‌ಬ್ಯಾಕ್: ಕೆಟ್ಟುಹೋದ ಮುಖ್ಯಯಂತ್ರ ದುರಸ್ತಿಯಾಗಿ ಬಂದಮೇಲೆ ಬದಲಿಯಿಂದ ಕೆಲಸವನ್ನು ತೆಗೆದು ಮತ್ತೆ ಅದಕ್ಕೇ ಒಪ್ಪಿಸುವುದು. ಈ ವಿವರಣೆ ಓದಿದ ವಾರದಲ್ಲೇ ಸಂಗಣ್ಣ ತಿರುಗಿ ಬಂದ ಸುದ್ದಿಯೂ ಬಂದಿತ್ತು. ಸೊಲ್ಲಾಪುರದಲ್ಲಿ ಅವನಿಗೊಂದು ಸಂಸಾರ ಇತ್ತೆಂದೂ ಇರಲೇ ಇಲ್ಲವೆಂದೂ ಎರಡು ಮಾತಿದ್ದವು. ಈಗಂತೂ ಒಬ್ಬನೇ. ತಿಕೋಟಾದಲ್ಲಿ ದ್ರಾಕ್ಷಿ ತೋಟ ಗುತ್ತಿಗೆ ಹಿಡಿದಿದ್ದಾನಂತೆ, ಮೊದಲ ಬೆಳೆಯೇ ಕೈಹಿಡಿದಿದೆಯಂತೆ, ತಲೆತುಂಬ ಕೂದಲಿವೆಯಂತೆ. ದುರಸ್ತಿ ಎಂದರೆ ಇನ್ನು ಹೇಗಿರುತ್ತದೆ? ಇವತ್ತು ಅವನು ಹೊರಟಿದ್ದ ಕುಬಸವೂ ಬೇರೆ ಯಾರದೂ ಅಲ್ಲ, ಆ ಸಂಗಣ್ಣನ ತಂಗಿ ಸಾವಂತ್ರವ್ವನದು. ಗುರುಬಸವ್ವನ ತಮ್ಮನಿಗೆ ಅವಳನ್ನು ಕೊಟ್ಟು ಎರಡು ಮನೆಯವರು ಹಳೆಯ ಹುಣ್ಣಿಗೆ ಮುಲಾಮು ಹಚ್ಚಿಕೊಂಡಿದ್ದರು. ಬಸುರಿ ತಂಗಿಗೆ ಸೀರೆ, ಕುಬಸ, ಬುತ್ತಿ ತಗೊಂಡು ಅಣ್ಣ ಬರಲೇಬೇಕು. ಹೆಂಗಸರು ಸೇರಿದಮೇಲೆ ಒಡಪು ಹೇಳಲೇಬೇಕು. ಅದೇ ಊರು, ಅದೇ ಅಂಗಳ, ಆ ಪ್ರಾಸ, ಎದುರಿಗೆ ಆ ಪ್ರಾಸದ ಒಡೆಯ. ಅವಳ ನಾಲಿಗೆ ಜಾರಿದರೆ? ಜಾರಿದರೂ ಅದು ಜಾರುವಿಕೆ ಅಲ್ಲ, ಇಷ್ಟು ವರ್ಷ ಅಡ್ಡಾದಿಡ್ಡಿ ನಡೆದದ್ದು ಒಂದು ಸಲ ನೆಟ್ಟಗಾದಂತೆ ಎಂದು ಯೋಚಿಸಿ ಅವನು ಮೈಯೆಲ್ಲ ಬಿಸಿಯಾಗಿ ಕೂತ. ಆ ಬಿಸಿಗೆ ಬಿಸಿಲೂ ಕಾರಣವೆಂದು ಸಮಾಧಾನ ಮಾಡಿಕೊಂಡ.

ಮಕ್ಕಳನ್ನು ಕರೆದುಕೊಂಡು ಹಿಂದಿನ ದಿನವೇ ತವರಿಗೆ ಬಂದಿದ್ದ ಗುರುಬಸವ್ವ ಅವನನ್ನು ಬಾಗಿಲಲ್ಲಿ ಕಂಡವಳೇ, ಕಾಲು ತೊಳೆಯಲು ನೀರು ಕೊಟ್ಟು, ಅಂಗಿಯ ಗುಂಡಿ ಕೆಳಗೆಮೇಲೆ ಹಾಕಿದ್ದೀರಿ ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಹಸಿರು ಸೀರೆ ಉಟ್ಟಿದ್ದಳು. ಯಾವತ್ತೂ ಉಡುವ ಹಸಿರೋ ಇವತ್ತಿಗೆಂದು ತೆಗೆದ ಹಸಿರೋ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಹೆಂಡತಿಗೆ ಎಷ್ಟು ಸೀರೆಗಳಿವೆ, ಯಾವ ಬಣ್ಣದವು ಎಂದು ಗೊತ್ತಿಲ್ಲದ ಗಂಡಸಿಗೆ ಇವತ್ತೇ ಆ ಚಿಂತೆ ಹುಟ್ಟಿತ್ತು. ಬಾಗಿಲ ಹಿಂದೆ ನಿಂತು ಗುಂಡಿಗಳನ್ನು ಬಿಚ್ಚಿ ಹಾಕಿಕೊಳ್ಳುವಾಗ ಅವಳ ದನಿ ಒಳಗಿನಿಂದ ಬಂತು, "ಅದೀರೇನ್ರಿ?" ಇದ್ದೀರೇನು ಎಂದು, ಅದು ಅವಳು ಅವನನ್ನು ಕರೆಯುವ ರೀತಿ. ಹೆಸರು ಹಿಡಿಯುವಂತಿಲ್ಲ, ಆದ್ದರಿಂದ ದಿನಕ್ಕೆ ಹತ್ತು ಸಲ ಅಡುಗೆಮನೆಯಿಂದ ಹಾಗೆ ಕೇಳುತ್ತಾಳೆ, ಅವನು ಹೂಂ ಎನ್ನುತ್ತಾನೆ. ಅವನೂ ಅವಳ ಹೆಸರು ಹಿಡಿದು ಕರೆದವನಲ್ಲ, ಏ ಕೇಳಿಲ್ಲೆ ಎಂದರೆ ಮುಗಿಯಿತು. ಪಟ್ಟಿಯಲ್ಲಿ ಇದೂ ಇತ್ತು. ಜೋಡಿ ಯಂತ್ರಗಳು ಆಗಾಗ ಒಂದಕ್ಕೊಂದು 'ನಾನಿದ್ದೇನೆ' ಎಂದು ಸುದ್ದಿ ಕಳಿಸುತ್ತಿರಬೇಕು, ಹೇಳಿದ ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಆ ಕಡೆಯದು ಸತ್ತಿತೆಂದು ತಿಳಿದು ಈ ಕಡೆಯದು ಕೆಲಸ ವಹಿಸಿಕೊಳ್ಳಬೇಕು. ಅದಕ್ಕೆ ಅವನು 'ಜೀವಸೂಚನೆ' ಎಂದು ಬರೆದಿದ್ದ. ಬರೆಯುವಾಗ ಒಳಗಿಂದ ಅವಳು ಕರೆದಿದ್ದಳು, ಕೆಲಸ ಕೆಟ್ಟಿತೆಂದು ಸಿಡುಕಿ ಜೋರಾಗಿ ಹೂಂ ಎಂದಿದ್ದ.

ತಿಕೋಟಾದವರು ಬಾಡಿಗೆಯ ಜೀಪಿನಲ್ಲಿ ಬಂದರು. ಸಂಗಣ್ಣನ ತಲೆತುಂಬ ಕೂದಲಿದ್ದವು, ಆ ಸುದ್ದಿ ಸುಳ್ಳಾಗಿರಲಿಲ್ಲ. ದ್ರಾಕ್ಷಿಯ ಬುಟ್ಟಿಯನ್ನು ತಾನೇ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿ, ಎಲ್ಲರನ್ನೂ ಅವರವರ ಹೆಸರು ಹಿಡಿದು ಮಾತಾಡಿಸಿದ. ತಪ್ಪಿಸಿಕೊಂಡು ಹೋದವನಿಗೆ ಇರಬೇಕಾದ ನಾಚಿಕೆಯನ್ನು ಅವನ ಮುಖದಲ್ಲಿ ಬಸಗೊಂಡಪ್ಪ ಹುಡುಕಿದ. ಸಿಗಲಿಲ್ಲ, ಬದಲಿಗೆ ಅದೇ ನಾಚಿಕೆ ತನ್ನ ಮುಖದಲ್ಲಿ ಕಾಣುತ್ತಿರಬೇಕೆಂದು ಅನುಮಾನವಾಯಿತು. ಸಂಗಣ್ಣ ಹೆಗಲಮೇಲೆ ಕೈಹಾಕಿ, ಮಾಸ್ತರಾಗ್ಯಾನ, ದೊಡ್ಡ ಮನಶ್ಯಾ ಆಗ್ಯಾನ ಎಂದು ನಾಲ್ಕು ಜನರ ಎದುರಿಗೆ ಹೊಗಳಿದ. ಆಮೇಲೆ ಬೇವಿನ ನೆರಳಿಗೆ ಕರೆದುಕೊಂಡು ಹೋಗಿ, ದನಿ ಇಳಿಸಿ, ಮನಸಾರೆ ಹೇಳಿದ:

"ಅವತ್ತ ನೀ ಅಲ್ಲೆ ಇದ್ದಿ ನೋಡು, ಛೊಲೊ ಆತು. ಇರದಿದ್ರ ನಮ್ಮಪ್ಪ ಬಾಂವಿಗಿ ಬೀಳತಿದ್ದ."

ಅಲ್ಲೇ ಇದ್ದದ್ದು. ಅಷ್ಟೇ. ಒಲೆಯ ಪಕ್ಕದಲ್ಲಿ ಇಕ್ಕಳ ಇದ್ದಂತೆ ಇದ್ದದ್ದು. ಅಣ್ಣನಿಗೆ ಏನಾದರೂ ಕಟುವಾಗಿ ಹೇಳಬೇಕೆಂದು ಬಾಯಿ ತೆರೆದ ಬಸಗೊಂಡಪ್ಪ, ದ್ರಾಕ್ಷಿ ಬಹಳ ಸಿಹಿ ಇದೆ ಎಂದ. ಇನ್ನೂ ಒಂದನ್ನೂ ತಿಂದಿರಲಿಲ್ಲ.

ತಿಕೋಟಾದ ಗಂಡಸರಿಗೆ ಹೊರಡುವ ಅವಸರವಿತ್ತು. ಆದ್ದರಿಂದ ಪಡಸಾಲೆಯಲ್ಲಿ ಹೆಂಗಸರು ಸಾವಂತ್ರವ್ವನಿಗೆ ಉಡಿ ತುಂಬುತ್ತಿರುವಾಗಲೇ ಕೆಳಗಿನ ಅಂಗಳದಲ್ಲಿ ಅವರ ಪಂಕ್ತಿ ಕೂತಿತು. ಮನೆಯ ಅಳಿಯ ಬಡಿಸಬೇಕೆಂದು ಯಾರೂ ಹೇಳಲಿಲ್ಲ. ಅಳಿಯಂದಿರು ಕೂತು ಉಣ್ಣುವವರು. ಆದರೆ ಕೂತರೆ ಸಂಗಣ್ಣನ ಮಗ್ಗುಲಲ್ಲಿ ಕೂರಬೇಕು, ಕೂತರೆ ಕಿವಿಯೊಂದೇ ಕೆಲಸ ಮಾಡುತ್ತದೆ. ಹಾಗಾಗಿ ಅವನು ಕಟ್ಟಿನ ಸಾರಿನ ಬಕೀಟು ಎತ್ತಿಕೊಂಡ. ಬೇಡ ಬೇಡ ಎಂದವರಿಗೆ, ನನಗ ರೂಢಿ ಐತಿ ಎಂದ. ಹೇಳಿದ ಮೇಲೆ ತಾನೇ ಚುಚ್ಚಿಕೊಂಡ ಸೂಜಿ ಎಷ್ಟು ಚೂಪಾಗಿದೆ ಎಂದು ತಿಳಿಯಿತು. ಹನ್ನೆರಡು ವರ್ಷ ಸೇವಾಯಂತ್ರವಾಗಿ ತಿರುಗಿ ಮೊದಲಿನ ಬಡಿಸುವವನ ಜಾಗಕ್ಕೇ ಬಂದು ನಿಂತಿದ್ದ, ಅದನ್ನು ಯಾರೂ ಮಾಡಿರಲಿಲ್ಲ, ಅವನೇ ಮಾಡಿಕೊಂಡಿದ್ದ. ಮೇಲೆ ಪಡಸಾಲೆಯಲ್ಲಿ ಗುರುಬಸವ್ವನ ಸೋದರತ್ತೆ ರುದ್ರವ್ವ ಒಡಪಿಗೆ ಶುರುಮಾಡಿದ್ದಳು. ಹಲ್ಲಿಲ್ಲದ ಬಾಯಿ, ಆದರೆ ಇಡೀ ಮನೆಯನ್ನು ಆಳುವ ದನಿ. ಯಾರೋ ಹೇಳಿದರು, ನಕ್ಕರು. ಇನ್ನೊಬ್ಬಳು ಹೇಳಿದಳು, ನಕ್ಕರು. ಅವನಿಗೆ ಯಾರದೂ ಕಿವಿಗೆ ಇಳಿಯಲಿಲ್ಲ, ಬಾಯಿಪರೀಕ್ಷೆಯಲ್ಲಿ ತನ್ನ ಸರದಿ ಕಾಯುವ ಹುಡುಗನಿಗೆ ಮುಂದಿನವನ ಪ್ರಶ್ನೆ ಕೇಳಿಸದ ಹಾಗೆ. ಆಮೇಲೆ ಗುರುಬಸವ್ವಾ ನಿಂದು ಹೇಳು ಎಂದದ್ದು ಮಾತ್ರ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿತು. ಆಗ ಅವನು ಬಂದು ನಿಂತಿದ್ದದ್ದು ಸಂಗಣ್ಣನ ಎಲೆಯ ಮುಂದೆ.

ನಿಂಬಿ ಗಿಡದಾಗ ನಿಂಬಿ ಹಣ್ಣ. ದನಿ ನಡುಗಲಿಲ್ಲ. ಇಳಕಲ್ಲ ಸೀರಿಗಿ ಗಿಳಿಯ ಬಣ್ಣ. ಅವನು ಕತ್ತೆತ್ತಿ ನೋಡಿದ. ಅವಳು ಇತ್ತಲೇ ನೋಡುತ್ತಿದ್ದಳು. ಹಿರ್ಯಾರ ಮುಂದ ಹೆಸರ ಹೇಳತೇನಿ, ಎಂದಳು, ನಮ್ಮವರು, ಎಂದಳು, ಅಲ್ಲಿಗೆ ನಿಂತಳು. ಉಸಿರು ಎಳೆದುಕೊಳ್ಳುವ ಹೊತ್ತು ಮುಗಿಯಿತು, ಇನ್ನೂ ಒಂದು ಉಸಿರಿನ ಹೊತ್ತು ಮುಗಿಯಿತು, ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ. ಕೆಳಗೆ, ಕೂತವನ ಮೇಲಿತ್ತು. ಕಣ್ಣು ಅಗಲವಾಗಿತ್ತು, ಬಾಯಿ ತೆರೆದಿತ್ತು. ಜಗತ್ತೆಲ್ಲ ಆ ತೆರೆದ ಬಾಯಿಯ ಮುಂದೆ ಸಾಲಾಗಿ ನಿಂತು ಕಾಯುತ್ತಿದೆ ಎಂದು ಬಸಗೊಂಡಪ್ಪನಿಗೆ ಅನ್ನಿಸಿತು. ಹೇಳಿದ ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ವಹಿಸಿಕೊಳ್ಳತಕ್ಕದ್ದು. ಅವನು ವಹಿಸಿಕೊಂಡ. ಬಂಡೆ ಒಡೆಯುವಂಥ ದನಿಯಲ್ಲಿ, ಗಂಡಸರ ಪಂಕ್ತಿಯ ನಡುವಿನಿಂದ, "ಬಸಗೊಂಡಪ್ಪ!" ಎಂದು ತನ್ನ ಹೆಸರನ್ನು ತಾನೇ ಕೂಗಿದ. ಅದೇ ಗಳಿಗೆಗೆ ಪಡಸಾಲೆಯಿಂದ ಅವಳು, "ಸಾರು!" ಎಂದು ಕೂಗಿದಳು.

ಬಕೀಟು ವಾಲಿತ್ತು. ಕಟ್ಟಿನ ಸಾರು ಮೊದಲು ಸಂಗಣ್ಣನ ಹೋಳಿಗೆಯ ಮೇಲೆ, ಅಲ್ಲಿಂದ ಎಲೆ ತುಂಬಿ ಅವನ ಬಿಳಿಯ ಧೋತರದ ಮೇಲೆ ಸುರಿಯುತ್ತಿತ್ತು. ಪುಣ್ಯಕ್ಕೆ ಆರಿದ ಸಾರು, ಬಿಸಿ ಬದಲಿಯ ಮೈಯಲ್ಲಿ ಬಿಸಿ ಇದ್ದದ್ದು ಕಿವಿಗಳು ಮಾತ್ರ. ಆಮೇಲಿನ ನಗೆಯನ್ನು ವರ್ಣಿಸುವುದು ಕಷ್ಟ. ಗಂಡನ ಹೆಸರು ಹೇಳಲು ನಾಚುವ ಹೆಂಡತಿಯರನ್ನು ಬಬಲೇಶ್ವರ ಬಹಳ ಕಂಡಿತ್ತು, ಅವಸರ ತಾಳದೆ ತಾನೇ ಹೇಳಿಕೊಂಡ ಗಂಡನನ್ನು ಕಂಡಿರಲಿಲ್ಲ. ಹೆಂಗಸರು ಒಬ್ಬರಮೇಲೊಬ್ಬರು ಬಿದ್ದು ನಕ್ಕರು, ಬಸುರಿಯನ್ನು ನಗಿಸಬೇಡಿರೇ ಎಂದು ಹೇಳುತ್ತ ರುದ್ರವ್ವ ತಾನು ಎಲ್ಲರಿಗಿಂತ ಹೆಚ್ಚು ನಕ್ಕಳು. ಸಂಗಣ್ಣನೂ ನಕ್ಕ. ತೊಯ್ದ ಧೋತರ ಎತ್ತಿ ಹಿಡಿದುಕೊಂಡು ಅಷ್ಟು ಒಳ್ಳೆಯತನ ತೋರಿಸುವ ಅಗತ್ಯವಿರಲಿಲ್ಲ ಎಂದು ಬಸಗೊಂಡಪ್ಪನಿಗೆ ಸಿಟ್ಟೂ ಬಂತು. ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹೌದಿನ ತೊಟ್ಟಿಯಿಂದ ನೀರು ಮೊಗೆದು, ಧೋತರದ ಮೇಲೆ ಹಾಕಿದ. ಮುಂದಿನಿಂದ ರುದ್ರವ್ವನ ದನಿ ಕೇಳಿತು: ಅರ್ಧ ಒಡಪು ಶಾಸ್ತ್ರಕ್ಕೆ ಬರುವುದಿಲ್ಲ, ಮತ್ತೊಮ್ಮೆ ಹೇಳು. ಗುರುಬಸವ್ವ ಮತ್ತೊಮ್ಮೆ ಹೇಳಿದಳು. ನಿಂಬಿ ಹಣ್ಣ ಕೇಳಿತು, ಗಿಳಿಯ ಬಣ್ಣ ಕೇಳಿತು, ಅಷ್ಟರಲ್ಲಿ ಸಂಗಣ್ಣ, ಇನ್ನೊಂದು ತಂಬಿಗೆ ಹಾಕಪಾ ಎಂದ. ನೀರಿನ ಸಪ್ಪಳದಲ್ಲಿ ಹೆಸರು ಕೊಚ್ಚಿಕೊಂಡು ಹೋಯಿತು. ಮುಂದೆ ಮತ್ತೆ ನಗೆ ಎದ್ದಿತು. ಯಾವ ಹೆಸರಿಗೆ ನಕ್ಕರೋ ತಿಳಿಯಲಿಲ್ಲ. ಬೆಳಗಿನಿಂದ ಯಾವುದಕ್ಕೆಂದು ಜೀವ ಹಿಡಿದು ಕಾದಿದ್ದನೋ ಅದು ಬಂದು ಹೋದಾಗ ಅವನು ಇನ್ನೊಬ್ಬನ ಧೋತರ ತೊಳೆಯುತ್ತಿದ್ದ.

ಸಂಜೆಯ ಬಸ್ಸಿಗೆ ಇಬ್ಬರೇ ಹೊರಟರು. ಮಕ್ಕಳು ಸೂಟಿಗೆಂದು ಅಜ್ಜಿಯ ಹತ್ತಿರ ಉಳಿದವು. ಕಿಟಕಿಯ ಪಕ್ಕ ಗುರುಬಸವ್ವ, ಮಡಿಲಲ್ಲಿ ಬುತ್ತಿಯ ಗಂಟು, ಅದರ ಮೇಲೆ ತಿಕೋಟಾದ ಒಂದು ಗೊಂಚಲು ದ್ರಾಕ್ಷಿ. ಬಸಗೊಂಡಪ್ಪ ಕೇಳಬಾರದೆಂದು ತೀರ್ಮಾನಿಸಿದ. ಒಬ್ಬ ಲೆಕ್ಚರರ್, ನಾಳೆ ಸಮಿತಿಗೆ ಪದಗಳನ್ನು ಕಳಿಸಬೇಕಾದವನು, ಇಂಥದ್ದನ್ನು ಕೇಳುವುದಿಲ್ಲ. ಜೇಬಿನಿಂದ ಪಟ್ಟಿಯನ್ನು ತೆಗೆದು ಗಂಭೀರವಾಗಿ ಬಿಡಿಸಿದ. ಸಾರಿನ ಹಳದಿ ಕಲೆ ಸರಿಯಾಗಿ ಸ್ಟ್ಯಾಂಡ್‌ಬೈ ಎಂಬಲ್ಲಿಗೇ ಹರಡಿತ್ತು, ಖಾಲಿ ಜಾಗ ಇನ್ನು ಖಾಲಿ ಇರಲಿಲ್ಲ. ಮಮದಾಪುರದ ಕಡೆಯ ದನಕರು ರಸ್ತೆ ದಾಟುವವರೆಗೆ ಬಸ್ಸು ನಿಂತಿತು. ಇಂಜಿನ್ನಿನ ಸದ್ದು ಅಡಗಿದಾಗ ಅವನ ಬಾಯಿಂದ ಮಾತು ತಾನಾಗಿಯೇ ಬಿತ್ತು, ಆಮೇಲೆ ಹೇಳಿದೆಯಲ್ಲ, ಹೆಸರು, ಎಂದ. ಹೇಳಿದೆ ಎಂದಳು. ಅವನು ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೇಳಿದ, "ಯಾರದು?"

ಅವಳು ತಿರುಗಿ ಅವನನ್ನು ನೋಡಿದಳು. ನಗುತ್ತಾಳೆಂದು ಕಾದ, ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದನಗಳೆಲ್ಲ ದಾಟಿ, ಬಸ್ಸು ಹೊರಟು, ಸ್ವಲ್ಪ ದೂರ ಬಂದಮೇಲೆ ಅವಳು ಮಾತಾಡಿದಳು. ಆ ಒಡಪು ರುದ್ರವ್ವತ್ತೆ ತನ್ನ ಗಂಡನಿಗೆ ಕಟ್ಟಿದ್ದಂತೆ, ಮುದುಕಣ್ಣ ಮಾವನ ಹೆಸರಿಗೆ. ಆ ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನೇ ಕಲಿತದ್ದು, ಅದನ್ನೇ ಹೇಳುವುದು. ಪ್ರಾಸ ಒಬ್ಬಳದೂ ಕೂಡುವುದಿಲ್ಲ. ಚಿಕ್ಕಪ್ಪನ ಮಗಳು ಸಕ್ರವ್ವನ ಗಂಡ ಧೂಳಪ್ಪ, ಅವಳದೂ ಕೂಡುವುದಿಲ್ಲ. ಅದಕ್ಕೇ ಎಲ್ಲರೂ ನಗುವುದು, ಅದಕ್ಕೇ ಅದನ್ನು ಬಿಡದೆ ಹೇಳುವುದು.

"ಇವತ್ತ ನನಕಿಂತ ಮೊದಲ ಸಕ್ರವ್ವ ಅದನ್ನ ಹೇಳಿದ್ಲು. ಕೇಳಿಲ್ಲೇನು ನೀವು?"

ಕೇಳಿರಲಿಲ್ಲ. ಮುದುಕಣ್ಣ. ಹಣ್ಣ, ಬಣ್ಣ, ಮುದುಕಣ್ಣ. ಹನ್ನೆರಡು ವರ್ಷ ಯಾರ ಮೇಲೆ ಹೊಟ್ಟೆ ಉರಿದುಕೊಂಡಿದ್ದನೋ ಆ ಜಾಗದಲ್ಲಿ, ಎಂದೋ ತೀರಿಹೋದ, ತಂಬಾಕು ತಿನ್ನುತ್ತಿದ್ದ ಒಬ್ಬ ಮುದುಕ ಕೂತಿದ್ದ. ಬಸಗೊಂಡಪ್ಪನಿಗೆ ಜೋರಾಗಿ ನಗಬೇಕೆನ್ನಿಸಿತು, ಎದೆಯ ಮೇಲಿನ ಕಲ್ಲು ಇಳಿಯಿತು, ಹಾಗಾದರೆ ಸಂಗಣ್ಣನ ಹೆಸರು ನಿನ್ನ ಬಾಯಲ್ಲಿ ಎಂದೂ ಇರಲಿಲ್ಲವೇ ಎಂದು ಸಡಗರದಿಂದ ಕೇಳಿಯೂ ಬಿಟ್ಟ. ಕೇಳಬಾರದಿತ್ತು. ಅವಳ ಮುಖ ಗಟ್ಟಿಯಾಯಿತು.

"ಅಂವನ್ನ ನಾ ನೋಡಿದ್ದಿಲ್ಲ. ಅಂತರಪಟ ಇಳಿಸಿದಾಗ ನಿಮ್ಮನ್ನ ನೋಡಿದೆ. ಬಾಸಿಂಗ ಕಣ್ಣಿನ ಮ್ಯಾಲೆ ಬಿದ್ದಿತ್ತು, ಮೈಯೆಲ್ಲಾ ಸಾರಿನ ವಾಸನಿ. ನನಗ ಬಂದಾಂವ ಒಬ್ಬನೇ." ಗೊಂಚಲಿನಿಂದ ಉದುರಿದ ಹಣ್ಣೊಂದನ್ನು ಗಂಟಿನೊಳಗೆ ಸೇರಿಸಿದಳು. "ನಾ ನಿಮ್ಮ ಜೋಡಿ ಬಾಳೇ ಮಾಡೇನಿ. ನೀವು ಇಷ್ಟು ವರ್ಷ ಸಂಗಣ್ಣ ಭಾವನ ಜೋಡಿ ಮಾಡೀರಿ."

ಅವನು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಅವಳು, ಕಿಟಕಿಯ ಹೊರಗೆ ನೋಡುತ್ತ, ಅಂದು ಆ ಕೋಣೆಯಲ್ಲಿ ನಿಮ್ಮನ್ನಾದರೂ ಕೇಳಿದರು, ನನ್ನನ್ನು ಯಾರೂ ಬಂದು ಕೇಳಲಿಲ್ಲ ಎಂದಳು. ದೂರುವ ದನಿಯಲ್ಲ, ಉಪ್ಪು ಕಡಿಮೆಯಾಗಿದೆ ಎನ್ನುವಾಗಿನ ದನಿ. ವಿವರಣೆಯಲ್ಲಿ ಮುಖ್ಯಯಂತ್ರವಿತ್ತು, ಬದಲಿ ಇತ್ತು, ಅವೆರಡರ ಗೋಳನ್ನೇ ಅವನು ಓದಿಕೊಂಡು ಬಂದಿದ್ದ. ಸೇವೆ ಪಡೆಯುವವರಿಗೆ ಬದಲಾದದ್ದು ತಿಳಿಯಬಾರದು ಎಂಬ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ತಲೆ ಬಗ್ಗಿಸಿ ಕೂತಿದ್ದಾಳೆ, ಅವಳಿಗೇನು ತಿಳಿಯಿತು ಎಂದು ಕೇಳುವವರು ಇಲ್ಲ ಎಂಬುದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಈ ಸಲದ್ದು ಕೂಗಿ ನಗಿಸುವ ನಾಚಿಕೆಯಾಗಿರಲಿಲ್ಲ. ಹೇಳಿಕೊಳ್ಳಲೂ ಆಗದೆ, ಒಳಗೇ ಕೂತುಬಿಟ್ಟಿತು. ವಿಜಾಪುರದ ದೀಪಗಳು ಕಂಡವು, ಕಂಡು ಒಮ್ಮೆಲೇ ಆರಿದವು. ಕರೆಂಟು ಹೋಗಿತ್ತು.

ಮನೆಯ ಬೀಗವನ್ನು ಕತ್ತಲಲ್ಲಿ ತಡವರಿಸಿ ತೆಗೆದರು. ಅವಳು ಕಡ್ಡಿಪೆಟ್ಟಿಗೆ ಹುಡುಕಲು ನೇರ ಒಳಗೆ ಹೋದಳು, ಅವನು ಹೊರಗಿನ ಕೋಣೆಯಲ್ಲಿ ಕುರ್ಚಿ ಎಲ್ಲಿದೆಯೆಂದು ಮೊಣಕಾಲಿನಿಂದ ಕಂಡುಹಿಡಿದು ಕೂತ. ಸಾರಿನ ಕಲೆ ಬಿದ್ದ ಪದದ ಜಾಗವನ್ನು ಹಾಗೆಯೇ ಬಿಟ್ಟು ಕಳಿಸುವುದು, ಮಂಡಿ ವಾಸಿಯಾದವರು ಯಾರಾದರೂ ತುಂಬಲಿ ಎಂದುಕೊಂಡ. ಒಳಗೆ ಪಾತ್ರೆಗಳು ಒಂದಕ್ಕೊಂದು ತಾಗಿದವು, ಬಳೆಗಳ ಸದ್ದಾಯಿತು, ಆಮೇಲೆ ಎಂದಿನ ದನಿ: "ಅದೀರೇನ್ರಿ?"

ಹೂಂ ಎಂದ. ಅಭ್ಯಾಸದ ಹೂಂ. ಆ ಹೂಂ ಕತ್ತಲಲ್ಲಿ ತನ್ನ ಕಿವಿಗೇ ಬಂದು ತಾಗಿದಾಗ ಅವನಿಗೆ ಹೊಳೆಯಿತು, ಪಟ್ಟಿಯ ಪ್ರಕಾರ ಎರಡೂ ಕಡೆಯಿಂದ ಕೇಳಬೇಕು. ಹನ್ನೆರಡು ವರ್ಷದಲ್ಲಿ ಅವನು ಒಂದೇ ಒಂದು ಸಲವೂ ಕೇಳಿರಲಿಲ್ಲ. ಎಷ್ಟು ಸಣ್ಣ ಮಾತು, ಎಷ್ಟು ನಾಚಿಕೆ, ಕಾಲೇಜಿನಲ್ಲಿ ನೂರು ಹುಡುಗರ ಮುಂದೆ ನಡುಗದ ದನಿ ನಡುಗಿತು.

"ನೀ ಅದೀಯೇನು?"

ಪಾತ್ರೆಗಳ ಸದ್ದು ನಿಂತಿತು. ಏನಂದ್ರಿ, ಎಂದು ಅನುಮಾನದಿಂದ ಕೇಳಿದಳು. ಅವನು ಎದ್ದು ನಿಂತ.

"ಅದೀಯೇನು ಅಂದೆ. ಗುರುಬಸವ್ವಾ."

ಪ್ರಾಸವಿಲ್ಲದೆ, ಬರಿದೇ ಹೆಸರು. ಒಳಗೆ ಬಹಳ ಹೊತ್ತು ಯಾವ ಸುದ್ದಿಯೂ ಬರಲಿಲ್ಲ. ಬಳೆಗಳೂ ಅಲುಗಲಿಲ್ಲ. ಹೇಳಿದ ಹೊತ್ತು ಮೀರಿತು, ಇನ್ನೂ ಮೀರಿತು, ಅವನು ಈ ಸಲ ಬಾಯಿ ಬಿಡದೆ ಕಾದ. ಆಮೇಲೆ ಅವಳು, "ಅದೀನ್ರಿ" ಎಂದಳು. ಅಡುಗೆಮನೆಯಿಂದಲ್ಲ, ಅವನ ಪಕ್ಕದ ಕತ್ತಲಿನಿಂದ, ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ.